ಆಟದ ಕಂಪ್ಯೂಟರ್: ಬಿಡಿಭಾಗ ಕೊಳ್ಳುವ ಮುನ್ನ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಮನೆಗಳಲ್ಲಿ ಈಚೆಗೆ ಕೇಳಿಬರುವ ಬೇಡಿಕೆಯೊಂದುಂಟು: ಆಟ ಆಡಲು ಒಗ್ಗುವ ಕಂಪ್ಯೂಟರ್ ಬೇಕು, ಅದೂ ಸಿದ್ಧವಾಗಿ ಬಂದದ್ದಲ್ಲ, ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿದ್ದು. ಹೆತ್ತವರಿಗೆ ಇದು ಹುಡುಗಾಟವೆಂದು ತೋರಿದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಜೋಡಿಸುವ ಕೆಲಸ ಕಠಿನವಲ್ಲ. ಒಂದು ಸ್ಕ್ರೂಡ್ರೈವರ್, ಅರ್ಧ ದಿನದ ತಾಳ್ಮೆ ಸಾಕು. ಕಠಿನವಾದುದು ಆಯ್ಕೆ. ಅಡಿಕೆ ಮಾರಿದ ಹಣದಲ್ಲೋ ಗಲ್ಫಿನಿಂದ ಬಂದ ಹಣದಲ್ಲೋ ಐವತ್ತು ಅರುವತ್ತು ಸಾವಿರ ರೂಪಾಯಿ ಎತ್ತಿಡುವ ಕುಟುಂಬಕ್ಕೆ, ತಪ್ಪಿದ ವಸ್ತುವನ್ನು ಮೂಲೆಗಿಟ್ಟು ಇನ್ನೊಂದನ್ನು ಕೊಳ್ಳುವ ಅನುಕೂಲವಿರುವುದಿಲ್ಲ.

ಮೊದಲು ನಿರ್ಧಾರವಾಗಬೇಕಾದುದು ಆಟ ಯಾವುದು ಎಂಬುದು. ವ್ಯಾಲರಂಟ್, ಮೈನ್‌ಕ್ರಾಫ್ಟ್‌ನಂಥವು ಹಗುರವಾದವು. ಅಷ್ಟೇ ಸಾಕೆನ್ನುವವರಿಗೆ ಆರಂಭದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಬೇಡ. ಎಎಂಡಿ ಕಂಪೆನಿಯ ರೈಜನ್ 5 5600ಜಿ ಎಂಬ ಆರು ಕೋರ್‌ಗಳ ಪ್ರೊಸೆಸರಿನೊಳಗೇ ಚಿತ್ರ ಮೂಡಿಸುವ ಭಾಗ ಅಡಕವಾಗಿದೆ. ಪ್ಲಸ್ ಟು ಮುಗಿಯುವ ಹೊತ್ತಿಗೆ ಹಣ ಕೂಡಿದರೆ ಕಾರ್ಡನ್ನು ಆಗ ಸೇರಿಸಬಹುದು. ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಿಲ್ಲ ಎಂಬುದೇ ಮನೆಯಲ್ಲಿ ಜೋಡಿಸುವುದರ ದೊಡ್ಡ ಲಾಭ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಅಕ್ಷರವಿದ್ದರೆ ಮಾತ್ರ ಈ ಸೌಲಭ್ಯವಿಲ್ಲ. ಕಾರ್ಡ್ ಇಲ್ಲದೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ‘ಎಫ್’ ಇರುವುದು ಸ್ವಲ್ಪ ಅಗ್ಗವಾದ್ದರಿಂದ ಎಡವುವವರು ಕಡಮೆಯಲ್ಲ.

ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಮೂರಕ್ಕೂ ಜಾತಕ ಕೂಡಬೇಕು. 5600ಜಿ ಕೂರುವುದು ಎಎಂ4 ಎಂಬ ಸಾಕೆಟ್‌ನಲ್ಲಿ. ಅದಕ್ಕೆ ಡಿಡಿಆರ್4 ರ‍್ಯಾಮ್. 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ. ಒಂದರ ರ‍್ಯಾಮ್ ಇನ್ನೊಂದರ ಕಿಂಡಿಗೆ ಇಳಿಯುವುದೇ ಇಲ್ಲ. ನಾಲ್ಕೈದು ವರ್ಷಗಳ ಬಳಿಕ ಪ್ರೊಸೆಸರನ್ನಷ್ಟೇ ಬದಲಿಸುವ ಯೋಚನೆಯಿದ್ದವರು ಎಎಂ5ರತ್ತ ಹೋಗುವುದು ಒಳಿತು. ಕೈ ಬಿಗಿಯಿದ್ದವರಿಗೆ ಎಎಂ4 ಈಗಲೂ ಅಯೋಗ್ಯವೇನಲ್ಲ. 16 ಜಿಬಿ ರ‍್ಯಾಮನ್ನು ಒಂದೇ ಪಟ್ಟಿಯಾಗಿ ಕೊಳ್ಳುವುದಕ್ಕಿಂತ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಳ್ಳಬೇಕು. ಒಳಗಣ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ವೇಗದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಆದುದರಿಂದ ಹಳೆಯ ವೀಡಿಯೊಗಳಲ್ಲಿ ಹೇಳಿದ ಬೆಲೆಯನ್ನು ನಂಬಿ ಲೆಕ್ಕ ಹಾಕುವಂತಿಲ್ಲ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಹೆಸರೇ ಮೋಸಗೊಳಿಸುವುದುಂಟು. ಎನ್‌ವಿಡಿಯಾದ ಆರ್‌ಟಿಎಕ್ಸ್ 3050ಯನ್ನೇ ನೋಡಬಹುದು. 2022ರ 8 ಜಿಬಿ ಕಾರ್ಡಿನಲ್ಲಿ 2560 ಕೋರ್‌ಗಳು. 2024ರಲ್ಲಿ ಅದೇ ಹೆಸರಿನಲ್ಲಿ ಬಂದ 6 ಜಿಬಿ ಕಾರ್ಡಿನಲ್ಲಿ 2304. ಮೊದಲನೆಯದಕ್ಕೆ 130 ವಾಟ್ ವಿದ್ಯುತ್ ಬೇಕು, ಎರಡನೆಯದಕ್ಕೆ 70. ಕಡಮೆಯಾದುದು ನೆನಪಿನ ಅಳತೆಯೊಂದೇ ಅಲ್ಲ, ಕಾರ್ಡೇ ಬೇರೆ. ‘3050’ ಎಂದಷ್ಟೇ ಬರೆದ ಬಿಲ್ಲು ಯಾವುದಕ್ಕೂ ಸಾಕ್ಷಿಯಾಗಲಾರದು. ಬಳಸಿದ ಕಾರ್ಡುಗಳನ್ನು ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಕಾರ್ಡುಗಳಿಂದ ‘ಗಣಿಗಾರಿಕೆ’ ಮಾಡುವ ಪದ್ಧತಿ 2022ರ ಸೆಪ್ಟೆಂಬರಿನಲ್ಲಿ ನಿಂತಾಗ, ಹಗಲಿರುಳು ದುಡಿದಿದ್ದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ವಾರಂಟಿ ಉಳಿಯದ ಕಾರ್ಡಿಗೆ ಹಣ ಕೊಡುವಾಗ ಮರಳಿ ಕೇಳಲಾಗದ ಹಣವೆಂದೇ ಭಾವಿಸುವುದು ಲೇಸು.

ಮಕ್ಕಳ ಪಟ್ಟಿಯಲ್ಲಿ ಕೊನೆಗೆ ಬರುವುದೂ ಹೆತ್ತವರು ಮೊದಲು ನೋಡಬೇಕಾದುದೂ ಎಸ್‌ಎಂಪಿಎಸ್. ಗೋಡೆಯ ವಿದ್ಯುತ್ತನ್ನು ಒಳಗಣ ಭಾಗಗಳಿಗೆ ಒಪ್ಪುವಂತೆ ಇಳಿಸಿಕೊಡುವ ಈ ಡಬ್ಬಿ ಕೆಟ್ಟರೆ ತಾನೊಂದೇ ಕೆಡದೆ ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಒಯ್ಯಬಲ್ಲುದು. ಬಣ್ಣದ ದೀಪಗಳ ಕ್ಯಾಬಿನೆಟ್‌ಗೆ ಮೂರು ಸಾವಿರ ಹೆಚ್ಚು ಕೊಟ್ಟು, ಎಸ್‌ಎಂಪಿಎಸ್‌ನಲ್ಲಿ ಸಾವಿರ ಉಳಿಸುವುದು ಎಲ್ಲೆಡೆ ಕಾಣುವ ವಿಪರ್ಯಾಸ. ಅಗ್ಗದ ಕ್ಯಾಬಿನೆಟ್‌ನೊಂದಿಗೆ ಉಚಿತವಾಗಿ ಬರುವುದರ ಮೇಲೆ ‘450 ವಾಟ್’ ಎಂದು ಮುದ್ರಿಸಿದ್ದರೂ ಅಷ್ಟನ್ನು ಅದು ಸತತವಾಗಿ ಕೊಡುವ ಭರವಸೆಯಿಲ್ಲ. ‘80 ಪ್ಲಸ್’ ಮುದ್ರೆಯೂ ದಕ್ಷತೆಯ ಪ್ರಮಾಣವೇ ಹೊರತು ರಕ್ಷಣೆಯ ಪ್ರಮಾಣವಲ್ಲ. ಆದರೂ ಅದಿಲ್ಲದ್ದನ್ನು ಪಟ್ಟಿಯಿಂದ ಹೊರಗಿಡಬಹುದು. 65 ವಾಟ್‌ನ ಪ್ರೊಸೆಸರಿಗೂ ಮುಂದೆ ಸೇರುವ 130 ವಾಟ್‌ನ ಕಾರ್ಡಿಗೂ ಹೆಸರಾಂತ ತಯಾರಕರ 500 ವಾಟ್ ಧಾರಾಳವಾಯಿತು.

ಗಡಿನಾಡಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪತ್ತನಾಜೆಯ ಆಸುಪಾಸಿನ ಗುಡುಗು, ತುಲಾ ಮಾಸದ ಮುಸ್ಸಂಜೆಯ ಸಿಡಿಲು ಇಲ್ಲಿನವರಿಗೆ ಹೊಸತಲ್ಲ. ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ವಯರಿಂಗ್ ಬಲ್ಲವರಿಂದ ನೋಡಿಸಿಕೊಂಡ ಮೇಲೆಯೇ ಯಂತ್ರ ಬರಲಿ. ಯುಪಿಎಸ್ ಕರೆಂಟು ಹೋದಾಗ ಒದಗೀತು, ಸಿಡಿಲನ್ನು ತಡೆಯದು. ಗುಡುಗು ಕೇಳಿದೊಡನೆ ಪ್ಲಗ್ ಕೀಳುವುದೇ ಉಪಾಯ. 600 ವಿಎ ಯುಪಿಎಸ್ ಎಂದರೆ 600 ವಾಟ್ ಅಲ್ಲ, ಸಾಮಾನ್ಯವಾಗಿ 360 ವಾಟ್ ಎಂಬುದನ್ನೂ ಗಮನಿಸಬೇಕು. ದಾಸ್ತಾನಿಗೆ ಹೆಚ್ಚು ವಿಚಾರ ಬೇಡ. ದೊಡ್ಡ ಆಟವೊಂದೇ 100 ಜಿಬಿ ದಾಟುವ ಕಾಲವಿದು. ಎನ್‌ವಿಎಂಇ ಎಸ್‌ಎಸ್‌ಡಿ 500 ಜಿಬಿಗಿಂತ ಕಡಮೆ ಬೇಡ.

ಕೊಳ್ಳುವುದು ಮಂಗಳೂರಿನಲ್ಲಿರಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿರಲಿ, ಆನ್‌ಲೈನಿನಲ್ಲಿರಲಿ, ಪ್ರತಿ ಭಾಗದ ಪೂರ್ಣ ಮಾದರಿ ಹೆಸರು, ಕ್ರಮಸಂಖ್ಯೆ ಬಿಲ್ಲಿನಲ್ಲಿರಬೇಕು. ‘ಬಿಲ್ಲು ಬೇಡವಾದರೆ ಜಿಎಸ್‌ಟಿ ಬಿಡುತ್ತೇನೆ’ ಎಂಬ ಮಾತಿಗೆ ಮನಸೋಲುವವರು 18 ಶೇಕಡ ತೆರಿಗೆಯನ್ನು ಉಳಿಸಿ ವಾರಂಟಿಯನ್ನೇ ಬಿಟ್ಟುಕೊಡುತ್ತಾರೆ. ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ದುಬೈಯಿಂದ ಮಾವ ತಂದ ಕಾರ್ಡಿನ ವಾರಂಟಿ ಎಷ್ಟೋ ಸಲ ಕೊಂಡ ದೇಶಕ್ಕಷ್ಟೇ ಸೀಮಿತವಾಗಿರುತ್ತದೆ. ತರಿಸುವ ಮೊದಲೇ ಓದಿ ನೋಡುವುದು ಒಳ್ಳೆಯದು.

ಮಂಗಳೂರಿನಲ್ಲಿ ಕೊಂಡದ್ದು ಕೆಟ್ಟರೆ ದೂರಿಗಾಗಿ ಗಡಿ ದಾಟಿ ಅಲೆಯಬೇಕೆಂಬ ಅಂಜಿಕೆ ಅನೇಕರಿಗಿದೆ. 1986ರ ಹಳೆಯ ಕಾಯಿದೆಯಲ್ಲಿ ಅದಕ್ಕೆ ಆಧಾರವೂ ಇತ್ತು. ಈಗಿನ ಕಾಯಿದೆಯ 34ನೆಯ ಕಲಮು ಗ್ರಾಹಕನು ವಾಸಿಸುವ ಸ್ಥಳದಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಹಾಗಾಗಿ ಬೆಂಗಳೂರಿನ ಅಂಗಡಿಯ ವಿರುದ್ಧವೂ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಅದಕ್ಕೆ ಮುನ್ನ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ವಿಷಯ ದಾಖಲಿಸಬಹುದು. ಕರೆ ಮಾಡುವಾಗ ಬಿಲ್ಲೂ ಕ್ರಮಸಂಖ್ಯೆಯಿರುವ ಪೆಟ್ಟಿಗೆಯೂ ಕೈಯಲ್ಲಿರಲಿ.