ಹೊಗೆಯಿಲ್ಲದ ಕಾರು, ಸಹಿಯಿಲ್ಲದ ಕಾಗದ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯ ಮೇಲೆ ಬರ್ಕ್ಲಿ ಎಂಬ ನಗರವಿದೆ. ಜನಸಂಖ್ಯೆ ಒಂದೂಕಾಲು ಲಕ್ಷದ ಆಸುಪಾಸು. ನಮ್ಮ ಲೆಕ್ಕದಲ್ಲಿ ಅದೊಂದು ದೊಡ್ಡ ತಾಲೂಕು ಕೇಂದ್ರವಷ್ಟೇ. ಆದರೆ ಈ ಪುಟ್ಟ ಊರಿನ ನಗರಸಭೆಗೆ ಒಂದು ವಿಚಿತ್ರ ಅಭ್ಯಾಸವಿದೆ. ಅದು ಏನನ್ನಾದರೂ ಕೊಳ್ಳುವಾಗ ಬೆಲೆ ಎಷ್ಟು ಎಂದು ಕೇಳಿ ಸುಮ್ಮನಾಗುವುದಿಲ್ಲ. ಮಾರುವವನ ಬೇರೆ ಕಸುಬೇನು ಎಂದೂ ವಿಚಾರಿಸುತ್ತದೆ. 1986ರಲ್ಲಿ ಅಲ್ಲಿನ ಮತದಾರರು ಒಂದು ಕಾಯ್ದೆಗೆ ಮತ ನೀಡಿದರು. ಅಣ್ವಸ್ತ್ರ ತಯಾರಿಕೆಯಲ್ಲಿ ತೊಡಗಿರುವ ಯಾವ ಸಂಸ್ಥೆಯ ಜೊತೆಗೂ ನಗರ ವ್ಯವಹಾರ ಮಾಡಬಾರದು ಎಂಬುದೇ ಆ ಕಾಯ್ದೆ. ಊರಿನ ಗಡಿಯಲ್ಲಿ 'ಅಣ್ವಸ್ತ್ರ ಮುಕ್ತ ವಲಯ' ಎಂಬ ಫಲಕಗಳೂ ನಿಂತವು.

ಇದನ್ನು ಕೇಳಿ ನಗುವವರು ಅಮೆರಿಕದಲ್ಲೇ ಬಹಳ ಮಂದಿ ಇದ್ದಾರೆ. ಒಂದು ನಗರಸಭೆ ಫಲಕ ನೆಟ್ಟರೆ ಬಾಂಬು ಬೀಳುವುದು ನಿಲ್ಲುತ್ತದೆಯೇ? ಆದರೆ ಬರ್ಕ್ಲಿಯ ಚರಿತ್ರೆ ತಿಳಿದವರು ಅಷ್ಟು ಸುಲಭವಾಗಿ ನಗಲಾರರು. ಪ್ಲುಟೋನಿಯಂ ಎಂಬ ಧಾತುವನ್ನು ಮೊದಲು ಗುರುತಿಸಿದ್ದು ಇದೇ ಊರಿನ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ, 1941ರಲ್ಲಿ. ನಾಲ್ಕೂವರೆ ವರ್ಷಗಳ ನಂತರ, 1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಬಿದ್ದದ್ದು ಪ್ಲುಟೋನಿಯಂ ಬಾಂಬು. ಅಣುಬಾಂಬಿನ ಪಿತಾಮಹನೆನಿಸಿಕೊಂಡ ಓಪನ್‌ಹೈಮರ್ ಪಾಠ ಮಾಡುತ್ತಿದ್ದುದೂ ಇಲ್ಲಿಯೇ. ತನ್ನ ಅಂಗಳದಲ್ಲಿ ಹುಟ್ಟಿದ ವಸ್ತು ಸಾವಿರಾರು ಮೈಲಿ ದೂರದ ಮಕ್ಕಳನ್ನು ಸುಟ್ಟಿತೆಂಬ ಅರಿವು ಒಂದು ಊರನ್ನು ಕಾಡಿದರೆ ಅದರಲ್ಲಿ ನಗುವಂಥದ್ದೇನಿದೆ?

ಹಣವನ್ನು ಮಾತನಾಡಿಸುವ ಈ ರೀತಿ ಬರ್ಕ್ಲಿಗೆ ಹೊಸದೇನೂ ಆಗಿರಲಿಲ್ಲ. 1979ರಲ್ಲಿಯೇ ಅಲ್ಲಿನ ಮತದಾರರು ವರ್ಣಭೇದದ ದಕ್ಷಿಣ ಆಫ್ರಿಕಾದೊಂದಿಗೆ ನಂಟಿರುವ ಬ್ಯಾಂಕುಗಳಿಂದ ನಗರದ ಹಣವನ್ನು ಹಿಂತೆಗೆಯಬೇಕೆಂದು ತೀರ್ಮಾನಿಸಿದ್ದರು. (ಅದೇ ದಕ್ಷಿಣ ಆಫ್ರಿಕಾದೊಂದಿಗಿನ ವ್ಯಾಪಾರವನ್ನು ಭಾರತ ನಿಷೇಧಿಸಿದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಒಂದು ವರ್ಷ ಮೊದಲು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.) 1995ರಲ್ಲಿ ಬರ್ಮಾದ ಸೇನಾ ಆಡಳಿತದೊಂದಿಗೆ ವ್ಯವಹರಿಸುವ ಕಂಪೆನಿಗಳಿಂದ ಏನನ್ನೂ ಕೊಳ್ಳುವುದಿಲ್ಲ ಎಂದು ಬರ್ಕ್ಲಿ ನಿರ್ಧರಿಸಿತು. ಮರುವರ್ಷ ಮ್ಯಾಸಚೂಸೆಟ್ಸ್ ರಾಜ್ಯವೂ ಅದೇ ಬಗೆಯ ಕಾಯ್ದೆ ತಂದಿತು. ವಿದೇಶ ವ್ಯಾಪಾರದ ಕಂಪೆನಿಗಳ ಒಕ್ಕೂಟ ಕೋರ್ಟಿಗೆ ಹೋಯಿತು. 2000ದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮ್ಯಾಸಚೂಸೆಟ್ಸ್‌ನ ಕಾಯ್ದೆಯನ್ನು ಒಮ್ಮತದಿಂದ ರದ್ದುಗೊಳಿಸಿತು. ಬರ್ಮಾದ ವಿಷಯದಲ್ಲಿ ಕೇಂದ್ರ ಸರಕಾರ ಕಾನೂನು ಮಾಡಿರುವಾಗ ರಾಜ್ಯ ತನ್ನದೇ ದಾರಿ ಹಿಡಿಯುವಂತಿಲ್ಲ ಎಂಬುದು ತೀರ್ಪಿನ ಸಾರ. ಅಣ್ವಸ್ತ್ರದ ಕಾಯ್ದೆ ಮಾತ್ರ ಉಳಿದುಕೊಂಡಿತು.

ಈಗ ಅದು ಕೆಲಸ ಮಾಡುವ ಬಗೆ ನೋಡೋಣ. ನಗರಕ್ಕೆ ಮಾರಲು ಬರುವ ಕಂಪೆನಿ ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು, ತಾನು ಅಣ್ವಸ್ತ್ರದ ಕೆಲಸ ಮಾಡುವುದಿಲ್ಲವೆಂದು. ಸಹಿ ಹಾಕದಿದ್ದರೆ ವ್ಯವಹಾರವಿಲ್ಲ. ಆದರೆ ಕಾಯ್ದೆಯಲ್ಲಿ ಒಂದು ಕಿಟಕಿ ಇದೆ. ಬೇರೆ ಸಮಂಜಸ ದಾರಿಯೇ ಇಲ್ಲವೆಂದು ಮನವರಿಕೆಯಾದರೆ, ಹೆಚ್ಚುವರಿ ಖರ್ಚು ಎಷ್ಟೆಂದು ಲೆಕ್ಕ ನೋಡಿ, ನಗರಸಭೆ ವಿನಾಯಿತಿ ಕೊಡಬಹುದು. ಅದಕ್ಕೆ ಮೊದಲು 'ಶಾಂತಿ ಮತ್ತು ನ್ಯಾಯ ಆಯೋಗ' ಎಂಬ ನಾಗರಿಕರ ಸಮಿತಿ ತನ್ನ ಅಭಿಪ್ರಾಯ ತಿಳಿಸುತ್ತದೆ. 2009ರಲ್ಲಿ ಈ ಕಿಟಕಿಯ ಮುಂದೆ ಬಂದು ನಿಂತದ್ದು ಊರಿನ ಗ್ರಂಥಾಲಯ! ಪುಸ್ತಕ ಎರವಲು ಕೊಡುವ ಯಂತ್ರಗಳ ರಿಪೇರಿಯ ಹೊಣೆ 3ಎಂ ಎಂಬ ಬೃಹತ್ ಕಂಪೆನಿಗೆ ವರ್ಗವಾಗಿತ್ತು. 3ಎಂ ಆ ಕಾಗದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಯಂತ್ರ ಕೆಟ್ಟರೆ ಮಕ್ಕಳಿಗೆ ಕತೆಪುಸ್ತಕ ಸಿಗದು. ಸಹಿಯಿಲ್ಲದೆ ರಿಪೇರಿ ಮಾಡಿಸಿದರೆ ಕಾಯ್ದೆಗೆ ಬೆಲೆಯಿರದು. ಗ್ರಂಥಾಲಯ ವಿನಾಯಿತಿ ಬೇಡಿತು, ಶಾಂತಿ ಆಯೋಗ ಕೂಡದು ಎಂದಿತು. ಊರಿಗೆ ಊರೇ ಚರ್ಚೆಗೆ ಬಿತ್ತು.

ಪುಸ್ತಕದ ಯಂತ್ರಕ್ಕೇ ಇಷ್ಟು ಚರ್ಚೆಯಾದರೆ, ಇಂಥ ನಗರ ಎಲೆಕ್ಟ್ರಿಕ್ ವಾಹನಗಳನ್ನು ಬಾಡಿಗೆಗೆ ತರಲು ಹೊರಟಾಗ ಏನಾಗಬೇಡ?

ಇಲ್ಲಿ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಮನುಷ್ಯರಿದ್ದಾರೆ. ಬರ್ಕ್ಲಿಯ ಪಶ್ಚಿಮ ಅಂಚಿನಲ್ಲಿ ಹೆದ್ದಾರಿ ಮತ್ತು ರೈಲುಹಳಿ ಹಾದುಹೋಗುತ್ತವೆ. ಪಕ್ಕದ ಪಶ್ಚಿಮ ಓಕ್‌ಲ್ಯಾಂಡಿನಲ್ಲಿ ಬಂದರಿಗೆ ಹೋಗಿಬರುವ ಲಾರಿಗಳ ಡೀಸೆಲ್ ಹೊಗೆ, ಮಕ್ಕಳ ಆಸ್ತಮಾ ದಶಕಗಳ ದೂರು. ಹೊಗೆಯುಗುಳದ ವಾಹನ ಬೇಕೆಂಬುದು ಅಲ್ಲಿ ಶ್ರೀಮಂತರ ಶೋಕಿಯಲ್ಲ, ಉಸಿರಿನ ಪ್ರಶ್ನೆ. 2018ರಲ್ಲಿ ಬರ್ಕ್ಲಿ ಹವಾಮಾನ ತುರ್ತುಸ್ಥಿತಿಯನ್ನು ಘೋಷಿಸಿತು. 2019ರಲ್ಲಿ ಹೊಸ ಕಟ್ಟಡಗಳಿಗೆ ಅಡುಗೆ ಅನಿಲದ ಕೊಳವೆಯನ್ನೇ ನಿಷೇಧಿಸಿತು. ಅದೂ ಕೋರ್ಟಿನಲ್ಲಿ ನಿಲ್ಲಲಿಲ್ಲ, 2024ರಲ್ಲಿ ಹಿಂತೆಗೆಯಬೇಕಾಯಿತು. ಹೀಗೆ ಶಾಂತಿಗೂ ಗಾಳಿಗೂ ಏಕಕಾಲದಲ್ಲಿ ಮಾತು ಕೊಟ್ಟ ನಗರವಿದು. ಒಂದು ಮಾತು ಉಳಿಸಿಕೊಳ್ಳಲು ಹೋದರೆ ಇನ್ನೊಂದು ಮುರಿಯುವ ಭಯ.

ಕೊಳ್ಳುವ ಬದಲು ಬಾಡಿಗೆ ಏಕೆ ಎಂದು ಕೇಳಬಹುದು. ಅದಕ್ಕೆ ಒಂದು ಕಾರಣ ತೆರಿಗೆ. ಅಮೆರಿಕದಲ್ಲಿ ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಕೇಂದ್ರ ಸರಕಾರ 7,500 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಕೊಡುತ್ತಿತ್ತು. ನಗರಸಭೆ ತೆರಿಗೆಯನ್ನೇ ಕಟ್ಟುವುದಿಲ್ಲ, ಮತ್ತೆ ರಿಯಾಯಿತಿ ಎಲ್ಲಿಂದ? ಆದ್ದರಿಂದ ಬಾಡಿಗೆ ಕಂಪೆನಿ ಕಾರು ಕೊಂಡು, ರಿಯಾಯಿತಿ ಪಡೆದು, ಅದನ್ನು ಬಾಡಿಗೆಯಲ್ಲಿ ಕಡಿತ ಮಾಡಿ ಕೊಡುವ ಉಪಾಯ ಹುಟ್ಟಿತು. 2022ರ ಕಾನೂನು ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತಾದರೂ 2025ರ ಸೆಪ್ಟೆಂಬರ್ ಕೊನೆಗೆ ಆ ರಿಯಾಯಿತಿಯೇ ಮುಗಿದುಹೋಯಿತು. ಎರಡನೆಯ ಕಾರಣ ಬ್ಯಾಟರಿ. ವರ್ಷ ಕಳೆದಂತೆ ಅದರ ಕಸುವು ಇಳಿಯುತ್ತದೆ, ಮಾರುಕಟ್ಟೆಗೆ ಉತ್ತಮವಾದದ್ದು ಬರುತ್ತದೆ. ಹಳತಾಗುವ ವಸ್ತುವಿನ ನಷ್ಟ ಮಾಲಕನಿಗಿರಲಿ ಎಂಬುದು ಬಾಡಿಗೆದಾರನ ಜಾಣತನ.

ಆದರೆ ಬಾಡಿಗೆ ಮನೆಯಲ್ಲಿ ಬದುಕಿದವರಿಗೆ ಇನ್ನೊಂದು ಸತ್ಯವೂ ಗೊತ್ತು. ಗೋಡೆಗೆ ಮೊಳೆ ಹೊಡೆಯುವುದಕ್ಕೂ ಮಾಲಕನ ಮುಖ ನೋಡಬೇಕು. ಕ್ಯಾಲಿಫೋರ್ನಿಯಾ ಈ ಪಾಠವನ್ನು ಕಲಿತದ್ದು ಇವಿ1 ಎಂಬ ಕಾರಿನಿಂದ. ಹೊಗೆರಹಿತ ವಾಹನಗಳನ್ನು ಮಾರಲೇಬೇಕೆಂದು ಆ ರಾಜ್ಯ 1990ರಲ್ಲಿ ನಿಯಮ ಮಾಡಿದಾಗ ಜನರಲ್ ಮೋಟಾರ್ಸ್ ಕಂಪೆನಿ 1996ರಿಂದ ಈ ಕಾರನ್ನು ರಸ್ತೆಗಿಳಿಸಿತು. ಮಾರಾಟಕ್ಕಲ್ಲ, ಬಾಡಿಗೆಗೆ ಮಾತ್ರ. ಒಟ್ಟು ತಯಾರಾದದ್ದು 1,117. ಓಡಿಸಿದವರು ಅದನ್ನು ಮೆಚ್ಚಿದರು, ಹಣ ಕೊಟ್ಟು ಕೊಳ್ಳುತ್ತೇವೆಂದು ಅಂಗಲಾಚಿದರು. ಕಂಪೆನಿ ಒಪ್ಪಲಿಲ್ಲ. ಅವಧಿ ಮುಗಿದಂತೆ ಕಾರುಗಳನ್ನು ಹಿಂಪಡೆದು ಹೆಚ್ಚಿನವನ್ನು ಜಜ್ಜಿ ಗುಜರಿ ಮಾಡಿತು. ಇನ್ನೊಂದು ಮಾತು. ಈ ಕಾರನ್ನು ಬಾಡಿಗೆಗೆ ಕೊಡಲಾರಂಭಿಸಿದಾಗ ಅದೇ ಜನರಲ್ ಮೋಟಾರ್ಸ್ ಕೈಯಲ್ಲಿ ಹ್ಯೂಸ್ ಎಂಬ ಕ್ಷಿಪಣಿ ಮತ್ತು ರಕ್ಷಣಾ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಇತ್ತು. 1985ರಲ್ಲಿ ಕೊಂಡ ಆ ಸಂಸ್ಥೆಯ ರಕ್ಷಣಾ ವಿಭಾಗವನ್ನು ಅದು ಬಿಟ್ಟುಕೊಟ್ಟದ್ದು 1997ರಲ್ಲಿ. ಒಂದು ಕೈಯಲ್ಲಿ ಶುದ್ಧ ಗಾಳಿ, ಇನ್ನೊಂದು ಕೈಯಲ್ಲಿ ಕ್ಷಿಪಣಿ! ಎಲೆಕ್ಟ್ರಿಕ್ ಕಾರು ತಯಾರಿಸುವವರೇ ಬೆರಳೆಣಿಕೆಯಷ್ಟಿದ್ದ ಆ ದಿನಗಳಲ್ಲಿ 'ಬೇರೆಯವರಲ್ಲಿ ಕೊಳ್ಳೋಣ' ಎನ್ನುವ ಅವಕಾಶ ಎಲ್ಲಿತ್ತು?

ಇಂದು ತಯಾರಕರು ಬಹಳ. ಆದರೆ ಪ್ರಶ್ನೆ ಕಂಪೆನಿಯ ಹೆಸರಿನಿಂದ ಜಾರಿ ಬ್ಯಾಟರಿಯ ಹೊಟ್ಟೆಯೊಳಗೆ ಸೇರಿಕೊಂಡಿದೆ. ಬಹುಕಾಲ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಕೋಬಾಲ್ಟ್ ಅನಿವಾರ್ಯವಾಗಿತ್ತು. ಜಗತ್ತಿನ ಕೋಬಾಲ್ಟಿನ ಸುಮಾರು ಮುಕ್ಕಾಲು ಭಾಗ ಬರುವುದು ಕಾಂಗೋ ದೇಶದ ಗಣಿಗಳಿಂದ. ಅಲ್ಲಿನ ಕೊಲ್ವೆಜಿ ಸುತ್ತಮುತ್ತ ಯಂತ್ರಗಳ ದೊಡ್ಡ ಗಣಿಗಳ ಪಕ್ಕದಲ್ಲೇ ಬಡವರು ಗುದ್ದಲಿ, ಹಾರೆ ಹಿಡಿದು ಕೈಯಿಂದ ತೋಡುವ ಸುರಂಗಗಳಿವೆ. 2014ರಲ್ಲಿ ದಕ್ಷಿಣ ಕಾಂಗೋದ ಗಣಿಗಳಲ್ಲಿ ಸುಮಾರು 40,000 ಮಕ್ಕಳು ದುಡಿಯುತ್ತಿದ್ದರೆಂದು ಯುನಿಸೆಫ್ ಅಂದಾಜಿಸಿತ್ತು. 2016ರ ಆಮ್ನೆಸ್ಟಿ ವರದಿಯ ಪ್ರಕಾರ ಆ ಮಕ್ಕಳು ದಿನಕ್ಕೆ ಹನ್ನೆರಡು ಗಂಟೆಯವರೆಗೆ ಕಲ್ಲು ಹೊತ್ತು, ತೊಳೆದು, ಆರಿಸಿ ಗಳಿಸುತ್ತಿದ್ದುದು ಒಂದೆರಡು ಡಾಲರ್. ಶಾಲೆಯ ಶುಲ್ಕ ಕಟ್ಟಲೆಂದು ಗಣಿಗಿಳಿದು, ಕೊನೆಗೆ ಶಾಲೆಗೇ ಹೋಗಲಾರದ ಮಕ್ಕಳು. ನಗರಸಭೆ ಪಾರ್ಕಿಂಗ್ ಪರಿಶೀಲನೆಗೆ ಓಡಿಸುವ ಪುಟ್ಟ ಕಾರಿನಲ್ಲಿ ಈ ಮಕ್ಕಳ ಬೆವರು ಎಷ್ಟು ಗ್ರಾಂ ಇದೆ ಎಂದು ತೂಗುವುದು ಹೇಗೆ?

ಕೋಬಾಲ್ಟ್ ಬೇಡವೆಂದರೆ ದಾರಿ ಇದೆ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಬ್ಯಾಟರಿಗಳಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಬೆಲೆಯೂ ಕಡಿಮೆ. ಆದರೆ ಅವುಗಳಲ್ಲಿ ಬಹುಪಾಲು ತಯಾರಾಗುವುದು ಚೀನಾದಲ್ಲಿ. ಅಲ್ಲಿಗೆ ಕಾಲಿಟ್ಟೊಡನೆ ಶಿನ್‌ಜಿಯಾಂಗ್ ಪ್ರಾಂತದ ಉಯಿಗುರ್ ಜನರಿಂದ ಬಲವಂತದ ದುಡಿಮೆ ಮಾಡಿಸಲಾಗುತ್ತಿದೆ ಎಂಬ ಆರೋಪ ಎದುರಾಗುತ್ತದೆ. ಚೀನಾ ಸರಕಾರ ಇದನ್ನು ಅಲ್ಲಗಳೆಯುತ್ತದೆ. ಅಮೆರಿಕ ಮಾತ್ರ 2021ರಲ್ಲಿ ಕಾನೂನು ಮಾಡಿ, 2022ರ ಜೂನ್‌ನಿಂದ ಆ ಪ್ರಾಂತದ ಸರಕುಗಳು ಬಲವಂತದ ದುಡಿಮೆಯವಲ್ಲವೆಂದು ಸಾಬೀತಾಗದ ಹೊರತು ಒಳಗೆ ಬಿಡುತ್ತಿಲ್ಲ. 2024ರ ಫೆಬ್ರವರಿಯಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಸಾವಿರಾರು ಪೋರ್ಷೆ, ಬೆಂಟ್ಲಿ, ಆಡಿ ಕಾರುಗಳು ಅಮೆರಿಕದ ಬಂದರುಗಳಲ್ಲಿ ಸಿಕ್ಕಿಬಿದ್ದವು. ಕಾರಣ ಒಂದು ಸಣ್ಣ ಎಲೆಕ್ಟ್ರಾನಿಕ್ ಬಿಡಿಭಾಗ! ಕಾರು ತಯಾರಿಸಿದ ಜರ್ಮನ್ ಕಂಪೆನಿಗೇ ತನ್ನ ಕಾರಿನೊಳಗಿನ ಒಂದು ಚೂರು ಎಲ್ಲಿಂದ ಬಂತೆಂದು ಮೊದಲು ತಿಳಿದಿರಲಿಲ್ಲ. ಹಾಗಿದ್ದರೆ ಒಂದೂಕಾಲು ಲಕ್ಷ ಜನರ ಊರಿನ ಗುಮಾಸ್ತ ಏನನ್ನು ತಾನೇ ಪತ್ತೆ ಹಚ್ಚಿಯಾನು?

ಅತ್ತ ದರಿ, ಇತ್ತ ಪುಲಿ. ಕೆಲವರು ಇಲ್ಲಿ ಕೈಚೆಲ್ಲಿ, ಎಲ್ಲವೂ ಕಲುಷಿತವೇ, ಅಗ್ಗವಾದದ್ದನ್ನು ಕೊಂಡುಬಿಡಿ ಎನ್ನುತ್ತಾರೆ. ಇನ್ನು ಕೆಲವರು ಯಾವುದೂ ಬೇಡ, ಹಳೆಯ ಪೆಟ್ರೋಲ್ ಕಾರೇ ಇರಲಿ ಎನ್ನುತ್ತಾರೆ. ಪೆಟ್ರೋಲಿನ ಬಾವಿಗಳ ಸುತ್ತ ಹರಿದ ರಕ್ತವೆಷ್ಟೆಂದು ಅವರು ಮರೆತಂತಿದೆ. ನನಗೆ ಇಬ್ಬರ ಮಾತೂ ಸರಿಯೆನಿಸುವುದಿಲ್ಲ. ಬರ್ಕ್ಲಿಯ ಕಾಯ್ದೆಯಲ್ಲಿರುವ ಆ ಕಿಟಕಿಯನ್ನು ಹಲವರು ಬೂಟಾಟಿಕೆ ಎಂದು ಆಡಿಕೊಳ್ಳುತ್ತಾರೆ. ನಿಯಮದ ಅತಿ ಪ್ರಾಮಾಣಿಕ ಭಾಗವೇ ಅದು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ವಿನಾಯಿತಿ ಕೇಳಲು ಅಧಿಕಾರಿ ತೆರೆದ ಸಭೆಗೆ ಬರಬೇಕು, ಬೇರೆಲ್ಲಿ ಹುಡುಕಿದೆ ಎಂದು ಹೇಳಬೇಕು, ಖರ್ಚಿನ ಲೆಕ್ಕ ಕೊಡಬೇಕು. ಮೇರಿಲ್ಯಾಂಡ್ ರಾಜ್ಯದ ಟಕೋಮಾ ಪಾರ್ಕ್ ಎಂಬ ಇನ್ನೂ ಚಿಕ್ಕ ಊರೂ 1983ರಿಂದ ಅಣ್ವಸ್ತ್ರ ಮುಕ್ತ. 2012ರಲ್ಲಿ ಅಲ್ಲಿಯೂ ಗ್ರಂಥಾಲಯದ ಕಂಪ್ಯೂಟರುಗಳಿಗಾಗಿ ನಗರಸಭೆ ವಿನಾಯಿತಿ ಕೊಡಬೇಕಾಯಿತು. ಕಂಪ್ಯೂಟರ್ ಬಂತು, ಕಾಯ್ದೆಯೂ ಉಳಿಯಿತು. ಗುಟ್ಟಾಗಿ ಮುರಿದಿದ್ದರೆ ಎರಡನೆಯದು ಉಳಿಯುತ್ತಿರಲಿಲ್ಲ.

ಬಾಡಿಗೆಗೂ ಇದೇ ಕಾರಣಕ್ಕೆ ಒಂದು ಗುಣವಿದೆ. ಕೊಂಡ ಕಾರು ಹತ್ತು ಹದಿನೈದು ವರ್ಷ ಅಂಗಳದಲ್ಲಿರುತ್ತದೆ, ಪ್ರಶ್ನೆಯೂ ಅಷ್ಟು ಕಾಲ ನಿದ್ದೆ ಹೋಗುತ್ತದೆ. ಮೂರು ವರ್ಷದ ಬಾಡಿಗೆಯಾದರೆ ಪ್ರಶ್ನೆ ಮೂರು ವರ್ಷಕ್ಕೊಮ್ಮೆ ಬಾಗಿಲು ತಟ್ಟುತ್ತದೆ. ಬ್ಯಾಟರಿ ಎಲ್ಲಿಯದು, ಲಿಖಿತವಾಗಿ ಕೊಡಿ ಎಂದು ಸಹಿಗೆ ಮೊದಲು ಕೇಳಬಹುದು. ಸಹಿ ಬಿದ್ದ ಮೇಲೆ ಕೇಳಿದರೆ ಉತ್ತರಿಸುವವರು ಯಾರೂ ಇರುವುದಿಲ್ಲ. ಆದರೆ 'ಕಾರು ನಮ್ಮದಲ್ಲ, ಬಾಡಿಗೆಯದು' ಎಂದು ನುಣುಚಿಕೊಳ್ಳಲೂ ಬಾಡಿಗೆಯೇ ಅನುಕೂಲ ಮಾಡಿಕೊಡುತ್ತದೆ. ಹೀಗಾಗಿ ಘೋಷಣಾ ಪತ್ರಕ್ಕೆ ಬಾಡಿಗೆ ಕಂಪೆನಿಯೊಂದಿಗೆ ತಯಾರಕನೂ ಸಹಿ ಹಾಕದಿದ್ದರೆ ಆ ಕಾಗದಕ್ಕೆ ಅರ್ಥವಿಲ್ಲ.

ಇನ್ನು ಸಣ್ಣ ಊರಿನ ಬಲಹೀನತೆಯ ಮಾತು. ಇಪ್ಪತ್ತು ಮೂವತ್ತು ಕಾರು ಕೇಳುವ ಊರಿಗಾಗಿ ಯಾವ ಕಂಪೆನಿಯೂ ತನ್ನ ಗಣಿಯ ದಾರಿ ಬದಲಿಸದು. ಹಲವು ನಗರಗಳು ಕೂಡಿ ಕೇಳಿದರೆ ಮಾತು ಬೇರೆ. ಇದಕ್ಕೆ ಉದಾಹರಣೆ ದೂರದಲ್ಲಿಲ್ಲ. 2022ರಲ್ಲಿ ಬೆಂಗಳೂರು, ದಿಲ್ಲಿ, ಕೋಲ್ಕತಾ, ಹೈದರಾಬಾದ್, ಸೂರತ್ ನಗರಗಳಿಗೆ ಒಟ್ಟಾಗಿ 5,450 ಎಲೆಕ್ಟ್ರಿಕ್ ಬಸ್ಸುಗಳ ಟೆಂಡರ್ ಕರೆಯಲಾಯಿತು. ಬೆಂಗಳೂರಿನ ಬಿಎಂಟಿಸಿಯ ಪಾಲಿನ 921 ಬಸ್ಸುಗಳು ಟಾಟಾ ಸಂಸ್ಥೆಯಿಂದ ಹನ್ನೆರಡು ವರ್ಷಗಳ ಕರಾರಿನ ಮೇಲೆ ಬಂದವು. ಇದೂ ಒಂದು ಬಗೆಯ ಬಾಡಿಗೆಯೇ. ಬಸ್ಸು ಮತ್ತು ಚಾಲಕ ಕಂಪೆನಿಯವರು, ನಿರ್ವಾಹಕ ಬಿಎಂಟಿಸಿಯವರು, ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಪಾವತಿ. ಐದು ನಗರಗಳು ಒಂದೇ ದನಿಯಲ್ಲಿ ಕೇಳಿದ್ದರಿಂದ ಕಿಲೋಮೀಟರಿನ ದರ ಕೆಳಗಿಳಿಯಿತು. ದರವನ್ನು ಇಳಿಸಬಲ್ಲ ದನಿಗೆ ಬ್ಯಾಟರಿಯ ಊರು ಕೇಳುವ ಶಕ್ತಿಯೂ ಇರಲೇಬೇಕಲ್ಲ?

ಬೆಲೆಯ ಹೊರತು ಬೇರೇನನ್ನೂ ನೋಡಬಾರದೆಂದು ನಮ್ಮ ದೇಶದ ನಿಯಮಗಳೂ ಹೇಳುವುದಿಲ್ಲ. 2012ರ ಆದೇಶದಂತೆ ಕೇಂದ್ರ ಸರಕಾರದ ಇಲಾಖೆಗಳು ತಮ್ಮ ಖರೀದಿಯ ಒಂದು ಪಾಲನ್ನು ಸಣ್ಣ ಉದ್ದಿಮೆಗಳಿಂದಲೇ ಪಡೆಯಬೇಕು. ಅದರಲ್ಲಿ ದಲಿತರ ಮತ್ತು ಆದಿವಾಸಿಗಳ ಉದ್ದಿಮೆಗಳಿಗೆ ಪಾಲಿದೆ, ನಂತರದ ತಿದ್ದುಪಡಿಯಿಂದ ಮಹಿಳೆಯರಿಗೂ ಶೇಕಡಾ 3ರ ಪಾಲು ಬಂದಿದೆ. 2020ರಿಂದ ನೆರೆದೇಶಗಳ ಕಂಪೆನಿಗಳು ನೋಂದಣಿಯಿಲ್ಲದೆ ಸರಕಾರಿ ಟೆಂಡರಿನಲ್ಲಿ ಭಾಗವಹಿಸುವಂತಿಲ್ಲ. ಅಂದರೆ ಕೊಡುವವನು ಯಾರು ಎಂದು ನಾವೂ ಕೇಳುತ್ತೇವೆ. ಗಣಿಯ ಮಗುವಿನ ಬಗ್ಗೆ ಕೇಳುವ ಸಾಲು ಮಾತ್ರ ಇನ್ನೂ ಬರೆಯಬೇಕಾಗಿದೆ.

ಯುರೋಪಿನ ಒಕ್ಕೂಟ 2023ರಲ್ಲಿ ಬ್ಯಾಟರಿಗಳಿಗೆಂದೇ ಒಂದು ಕಾನೂನು ಮಾಡಿದೆ. ಅದರಂತೆ 2027ರ ಫೆಬ್ರವರಿಯಿಂದ ಅಲ್ಲಿ ಮಾರುವ ಪ್ರತಿಯೊಂದು ಎಲೆಕ್ಟ್ರಿಕ್ ವಾಹನದ ಬ್ಯಾಟರಿಗೂ ಒಂದು ಡಿಜಿಟಲ್ ಪಾಸ್‌ಪೋರ್ಟ್ ಇರಬೇಕು. ಗಣಿಯಲ್ಲಿ ಏನು ನಡೆಯುತ್ತದೆಂದು ತಯಾರಕರೇ ವಿಚಾರಿಸಬೇಕೆಂಬ ಭಾಗವನ್ನು ಮಾತ್ರ ಕಂಪೆನಿಗಳ ಒತ್ತಾಯದ ನಡುವೆ 2025ರಿಂದ 2027ರ ಆಗಸ್ಟ್‌ಗೆ ಮುಂದೂಡಲಾಯಿತು. ನಮ್ಮಲ್ಲಿ 2025ರಲ್ಲಿ ಪಿಎಂ ಇ-ಡ್ರೈವ್ ಯೋಜನೆಯಡಿ ಐದು ನಗರಗಳಿಗೆ 10,900 ಬಸ್ಸುಗಳ ಟೆಂಡರ್ ಕರೆಯಲಾಗಿದೆ. ಅದರಲ್ಲಿ ಬೆಂಗಳೂರಿನ ಪಾಲು 4,500.