ವಿಶ್ರಾಮಬಾಗದಲ್ಲಿ ನೀರು ನೂರಕ್ಕೆ ಕುದಿಯುವುದಿಲ್ಲ: ತಾಪ, ಒತ್ತಡ ಮತ್ತು ಕಬ್ಬಿನ ಹಾಲು

ಇವತ್ತಿನ ವಿಷಯ, ವಸ್ತುವಿನ ಸ್ಥಿತಿಯ ಮೇಲೆ ತಾಪ ಮತ್ತು ಒತ್ತಡಗಳ ಪರಿಣಾಮ. ಘನ, ದ್ರವ, ಅನಿಲ ಅಂತ ಶಾಲೆಯಿಂದ ಓದಿಕೊಂಡು ಬಂದದ್ದನ್ನೇ ಮತ್ತೆ ಹೇಳಿ ನಿಮ್ಮ ವೇಳೆ ಕಳೆಯುವುದಿಲ್ಲ. ಒಂದೇ ಮಾತು ಹಿಡಿದುಕೊಂಡು ಹೋಗುತ್ತೇನೆ. ದ್ರವದ ಆವಿಯ ಒತ್ತಡ ಅದರ ಮೇಲಿರುವ ಒತ್ತಡಕ್ಕೆ ಸಮನಾದಾಗ ಅದು ಕುದಿಯುತ್ತದೆ. ಎಷ್ಟು ಬಿಸಿ ಅನ್ನುವುದು ಆಮೇಲಿನ ಪ್ರಶ್ನೆ.

ನಾವು ಕೂತಿರುವ ವಿಶ್ರಾಮಬಾಗ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಪುಸ್ತಕದಲ್ಲಿ ಕೊಡುವ 101.3 ಕಿಲೋಪ್ಯಾಸ್ಕಲ್ ಒತ್ತಡ ಇಲ್ಲಿಲ್ಲ, ಹತ್ತಿರ ಹತ್ತಿರ 95 ಇದೆ. ಹೀಗಾಗಿ ಶುದ್ಧ ನೀರು ಕುದಿಯುವುದು 98.2 ಡಿಗ್ರಿ ಸೆಲ್ಸಿಯಸ್ಸಿಗೆ. ವಿಲಿಂಗ್ಡನ್ ಕಾಲೇಜಿನಲ್ಲಾಗಲಿ ವಾಲ್‌ಚಂದ್ ಇಂಜಿನಿಯರಿಂಗ್ ಕಾಲೇಜಿನಲ್ಲಾಗಲಿ, ತೆರೆದ ಬೀಕರಿನಲ್ಲಿ ಯಾರಿಗಾದರೂ ಸರಿಯಾಗಿ ನೂರು ಸಿಕ್ಕಿದರೆ ಮೊದಲು ಥರ್ಮಾಮೀಟರನ್ನೇ ಅನುಮಾನಿಸಬೇಕು. (ರಂ.ಶ್ರೀ. ಮುಗಳಿಯವರು ಕನ್ನಡ ಪಾಠ ಹೇಳಿದ ಕಾಲೇಜು ಅದು. ಉಷ್ಣಶಾಸ್ತ್ರವನ್ನೂ ಇಲ್ಲಿ ಕನ್ನಡದಲ್ಲಿ ಹೇಳಿದರೆ ತಪ್ಪೇನಿಲ್ಲ ಅಂತ ನನ್ನ ಅನಿಸಿಕೆ.)

ಕರಗುವಿಕೆಯ ಮೇಲೆ ಒತ್ತಡದ ಆಟ ಇಷ್ಟು ನಡೆಯುವುದಿಲ್ಲ. ಐಸ್ ಕರಗುವ ತಾಪವನ್ನು ಒಂದು ಡಿಗ್ರಿ ಇಳಿಸಬೇಕಾದರೆ ಸುಮಾರು 130 ವಾತಾವರಣಗಳಷ್ಟು ಒತ್ತಬೇಕು. ಕುದಿಬಿಂದುವಿನಲ್ಲಿ ಒಂದು ಡಿಗ್ರಿ ಇಳಿಯುವುದಕ್ಕೆ 300 ಮೀಟರ್ ಗುಡ್ಡ ಹತ್ತಿದರೆ ಸಾಕು. ದ್ರವ ಆವಿಯಾಗುವಾಗ ಅದರ ಗಾತ್ರ ಸಾವಿರಾರು ಪಟ್ಟು ಹಿಗ್ಗುತ್ತದೆ, ಅದಕ್ಕೇ ಈ ವ್ಯತ್ಯಾಸ.

ಈಗ ಕಬ್ಬಿನ ಹಾಲಿಗೆ ಬರೋಣ. ಸಾಂಗಲಿ, ಕೊಲ್ಲಾಪುರ, ಬೆಳಗಾವಿ ಭಾಗದಲ್ಲಿ ಒಂದೇ ಹಾಲು ಎರಡು ದಾರಿ ಹಿಡಿಯುತ್ತದೆ: ಒಂದು ಗಾಣದಮನೆಗೆ, ಇನ್ನೊಂದು ಸಕ್ಕರೆ ಕಾರ್ಖಾನೆಗೆ. ಹಾಲಿನಲ್ಲಿ ಶೇಕಡಾ 80ರಷ್ಟು ಅಥವಾ ಅದಕ್ಕೂ ಹೆಚ್ಚು ನೀರೇ ಇರುತ್ತದೆ, ಎರಡೂ ಕಡೆ ಕೆಲಸ ಅಂದರೆ ಆ ನೀರನ್ನು ಓಡಿಸುವುದು. ಗಾಣದಮನೆಯ ಕೊಪ್ಪರಿಗೆ ಬಾಯಿ ತೆರೆದದ್ದು, ಮೇಲಿನ ಒತ್ತಡ ಊರಿನ ಒತ್ತಡವೇ. ಹಾಲು ಮೊದಲು ನೀರಿನ ಹಾಗೆಯೇ 98ರ ಆಸುಪಾಸಿನಲ್ಲಿ ಕುದಿಯುತ್ತದೆ. ಸುಣ್ಣ, ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಾರೆ. ನೀರು ಕಡಿಮೆಯಾದಂತೆ ಕರಗಿದ ಸಕ್ಕರೆ ಆವಿಯ ಒತ್ತಡವನ್ನು ತಗ್ಗಿಸುತ್ತದೆ, ಹಾಗಾಗಿ ಕುದಿಯುವ ತಾಪ ಏರುತ್ತಾ ಹೋಗುತ್ತದೆ. ಬೆಲ್ಲ ಇಳಿಸುವಾಗ ಅದು 118 ಡಿಗ್ರಿಯ ಹತ್ತಿರ ಇರುತ್ತದೆ. ಅಲ್ಲಿ ಥರ್ಮಾಮೀಟರ್ ಇರುವುದಿಲ್ಲರೀ. ತಣ್ಣೀರಿನಲ್ಲಿ ಒಂದು ಹನಿ ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತದೋ ಇಲ್ಲವೋ ನೋಡುತ್ತಾರೆ. ಊರಿನ ಒತ್ತಡ ಹೆಚ್ಚುಕಡಿಮೆ ಬದಲಾಗದ ಕಾರಣ ಪಾಕದ ಗಟ್ಟಿತನಕ್ಕೂ ತಾಪಕ್ಕೂ ಒಂದಕ್ಕೊಂದು ಗಂಟು ಬಿದ್ದಿರುತ್ತದೆ, ಒಂದನ್ನು ಹಿಡಿದರೆ ಇನ್ನೊಂದು ಸಿಕ್ಕಂತೆ.

ಕಾರ್ಖಾನೆಯವರು ಆ ಗಂಟನ್ನು ಬಿಚ್ಚಿದರು. ಅಷ್ಟು ಬಿಸಿಯಲ್ಲಿ ಸಕ್ಕರೆ ಒಡೆಯುತ್ತದೆ, ಬಣ್ಣ ಕೆಡುತ್ತದೆ. 1813ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಚಾರ್ಲ್ಸ್ ಹೊವರ್ಡ್ ಮುಚ್ಚಿದ ಪಾತ್ರೆಯಿಂದ ಗಾಳಿ ಮತ್ತು ಆವಿಯನ್ನು ಎಳೆದು ಪಾಕ ಕುದಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದೇ ವ್ಯಾಕ್ಯೂಮ್ ಪ್ಯಾನ್. ಇಲ್ಲಿನ ವಸಂತದಾದಾ ಸಹಕಾರಿ ಕಾರ್ಖಾನೆಯಂಥ ಯಾವ ಸಕ್ಕರೆ ಕಾರ್ಖಾನೆಗೆ ಹೋದರೂ ಹರಳು ಕಟ್ಟುವುದು 60ರಿಂದ 75 ಡಿಗ್ರಿಯೊಳಗೆ. ಪಾಕ ಗಳಗಳ ಕುದಿಯುತ್ತಿರುತ್ತದೆ, ಆದರೆ ನಮ್ಮ ಮನೆಯ ಚಹಾಕ್ಕಿಂತ ತಣ್ಣಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇಂಟರ್ನ್‌ಶಿಪ್ಪಿಗೆ ಹೋಗುವವರು ಗಮನಿಸಿ. ಪ್ಯಾನಿನ ಮೇಲಿನ ಗೇಜು ವ್ಯಾಕ್ಯೂಮನ್ನು ಪಾದರಸದ ಇಂಚುಗಳಲ್ಲಿ ತೋರಿಸುತ್ತದೆ, ಅದು ಅಳೆಯುವುದು ಹೊರಗಿನ ಗಾಳಿಗೂ ಒಳಗಿನದಕ್ಕೂ ಇರುವ ಅಂತರವನ್ನು ಮಾತ್ರ. ಮುಂಬಯಿಯಲ್ಲಿ ಹೊರಗೆ ಸುಮಾರು 30 ಇಂಚು ಒತ್ತಡ. ಗೇಜು 25 ತೋರಿಸಿದರೆ ಒಳಗೆ ಉಳಿದದ್ದು 5 ಇಂಚು, ನೀರು ಕುದಿಯುವುದು 56 ಡಿಗ್ರಿಗೆ. ಸಾಂಗಲಿಯಲ್ಲಿ ಹೊರಗೇ 28 ಇಂಚು. ಅದೇ 25ಕ್ಕೆ ಒಳಗೆ ಉಳಿಯುವುದು ಮೂರೇ, ನೀರು 46–47ಕ್ಕೇ ಕುದಿಯುತ್ತದೆ. ಗೇಜಿನ ಮುಳ್ಳು ಒಂದೇ ಕಡೆ ನಿಂತಿದ್ದರೂ ತಾಪದಲ್ಲಿ ಹತ್ತು ಡಿಗ್ರಿ ಅಂತರ. ಕರಾವಳಿಯ ಕೈಪಿಡಿ ತಂದು ಇಲ್ಲಿ ನಡೆಸಿದರೆ ಪಾಕ ಬೇಕಾದ್ದಕ್ಕಿಂತ ತಣ್ಣಗಾಗಿ ಗಡಸಾಗುತ್ತದೆ, ಹರಳು ಸರಿಯಾಗಿ ಬೆಳೆಯುವುದಿಲ್ಲ. ಲೆಕ್ಕ ಮಾಡುವಾಗ ಯಾವಾಗಲೂ ನಿರಪೇಕ್ಷ ಒತ್ತಡವನ್ನೇ ಹಿಡಿಯಬೇಕು.

ಇನ್ನು ಉರುವಲು. ಒಂದು ಕಿಲೋ ನೀರನ್ನು 25ರಿಂದ ಕುದಿಯವರೆಗೆ ತರಲು ಸುಮಾರು 300 ಕಿಲೋಜೂಲ್ ಸಾಕು. ಅದನ್ನು ಆವಿ ಮಾಡಲು ಮತ್ತೆ 2,260 ಬೇಕು. ಗಾಣದಮನೆಯಲ್ಲಿ ಈ ಗುಪ್ತೋಷ್ಣವೆಲ್ಲ ಬಿಳಿ ಹಬೆಯಾಗಿ ಮಾಡಿನ ಮೇಲಿಂದ ಹೋಗಿಬಿಡುತ್ತದೆ, ಸಿಪ್ಪೆ ಒಲೆಗೇ ಖರ್ಚು. 1843ರಲ್ಲಿ ಅಮೆರಿಕದ ನಾರ್ಬರ್ಟ್ ರಿಲ್ಯೂ ಪೇಟೆಂಟ್ ಪಡೆದ ಉಪಾಯದಲ್ಲಿ ಮೊದಲ ಪಾತ್ರೆಯ ಆವಿಯೇ ಎರಡನೆಯ ಪಾತ್ರೆಗೆ ಒಲೆ. ಎರಡನೆಯದರಲ್ಲಿ ಒತ್ತಡ ಕಡಿಮೆ ಇಟ್ಟಿರುವುದರಿಂದ ಅಲ್ಲಿನ ರಸ ಇನ್ನೂ ಕಡಿಮೆ ತಾಪಕ್ಕೆ ಕುದಿಯುತ್ತದೆ. ಹೀಗೆ ನಾಲ್ಕು ಪಾತ್ರೆ ಜೋಡಿಸಿದರೆ ಒಂದು ಟನ್ ಹಬೆಯಿಂದ ಹೆಚ್ಚುಕಡಿಮೆ ನಾಲ್ಕು ಟನ್ ನೀರು ಹೋಗುತ್ತದೆ. ಉಳಿದ ಸಿಪ್ಪೆಯಿಂದ ಕಾರ್ಖಾನೆ ಕರೆಂಟು ಮಾಡಿ ಮಾರುತ್ತದೆ.

ಹಾಗಾದರೆ ಗಾಣದಮನೆ ಹಿಂದುಳಿದದ್ದೇ? ಈ ಮಾತು ನಮ್ಮ ತರಗತಿಗಳಲ್ಲಿ ಸಲೀಸಾಗಿ ಬರುತ್ತದೆ, ನಾನು ಒಪ್ಪುವುದಿಲ್ಲ. ಬೆಲ್ಲದ ಬಣ್ಣ, ವಾಸನೆ ಹುಟ್ಟುವುದೇ ಆ ಬಿಸಿಯಲ್ಲಿ. 118ಕ್ಕೆ ಏರಿದ ಪಾಕದಲ್ಲಿ ನೀರು ಎಷ್ಟು ಕಡಿಮೆ ಉಳಿದಿರುತ್ತದೆ ಅಂದರೆ ಆರಿದ ಮೇಲೆ ಇಡೀ ಮುದ್ದೆಯೇ ಪೆಂಟಿಯಾಗಿ ನಿಲ್ಲುತ್ತದೆ. ವ್ಯಾಕ್ಯೂಮ್ ಪ್ಯಾನಿನಿಂದ ಇಳಿಯುವುದು ಹರಳು ಮತ್ತು ಕಾಕಂಬಿಯ ಮಿಶ್ರಣ, ತಿರುಗುವ ಯಂತ್ರಕ್ಕೆ ಹಾಕಿ ಬೇರೆ ಮಾಡಲೇಬೇಕು. ಗಾಣದಮನೆಗೆ ಬೇಕಾದದ್ದು ವ್ಯಾಕ್ಯೂಮ್ ಅಲ್ಲ. ಹೊಗೆಯ ಜೊತೆ ಹೋಗುವ ಬಿಸಿಯಿಂದ ಮುಂದಿನ ಕೊಪ್ಪರಿಗೆಯ ಹಾಲನ್ನು ಕಾಯಿಸಿಕೊಳ್ಳುವ ಒಲೆ ಬೇಕು. ನಮ್ಮ ಪ್ರಾಜೆಕ್ಟುಗಳು ಆ ಕಡೆ ಹೊರಳಿದರೆ ಸಣ್ಣ ಗಾಣದವನಿಗೆ ಸಿಪ್ಪೆಯಾದರೂ ಉಳಿದೀತು.

ಇದೇ ಕುದಿತ ಬೇಡದ ಕಡೆ ಬಂದರೆ? ಕೃಷ್ಣೆಯ ದಂಡೆಯ ಪಂಪು ನೋಡಿ. ಪಂಪು ನೀರನ್ನು ಎಳೆಯುತ್ತದೆ ಅನ್ನುತ್ತೇವೆ, ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ. 95 ಕಿಲೋಪ್ಯಾಸ್ಕಲ್ ಗಾಳಿ ಹೊರಬಲ್ಲದ್ದು 9.7 ಮೀಟರ್ ನೀರು. 30 ಡಿಗ್ರಿಯ ನೀರಿನ ಆವಿಯ ಒತ್ತಡ ಕಳೆದರೆ 9.3. ಪೈಪಿನ ತಿಕ್ಕಾಟವೆಲ್ಲ ಸೇರಿ ಕೈಗೆ ಸಿಗುವುದು ಆರೇಳು ಮೀಟರ್. ಬೇಸಿಗೆಯಲ್ಲಿ ಹೊಳೆ ಕೆಳಗಿಳಿದು ಈ ಅಳತೆ ಮೀರಿತೋ, ಪಂಪಿನ ಬಾಯಲ್ಲಿ ತಣ್ಣೀರೇ ಕುದಿಯುತ್ತದೆ. ಒಳಗೆ ಒತ್ತಡ ಏರುತ್ತಲೇ ಆ ಗುಳ್ಳೆಗಳು ಪಟಪಟ ಒಡೆದು ಇಂಪೆಲ್ಲರಿನ ಲೋಹವನ್ನೇ ಕೊರೆಯುತ್ತವೆ; ಹರಳುಕಲ್ಲು ಉರುಳಿಸಿದಂಥ ಸಪ್ಪಳ ಕೇಳುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಟ್ಟಿದ ಕಿರ್ಲೋಸ್ಕರವಾಡಿ ನಮ್ಮ ಜಿಲ್ಲೆಯಲ್ಲೇ ಇದೆ, ಪಂಪಿಗೆ ಹೆಸರಾದ ಊರು. ಆದರೆ ಎಷ್ಟೇ ಒಳ್ಳೆಯ ಪಂಪಾದರೂ ಈ ಮಿತಿಯನ್ನು ದಾಟಿಸಲಾರದು, ಪಂಪನ್ನೇ ನೀರಿನ ಹತ್ತಿರ ಇಳಿಸಬೇಕು.

ಕೊನೆಯದು, ತಾಸಗಾಂವದ ಒಣದ್ರಾಕ್ಷಿ ಇಡುವ ಶೀತಲಗೃಹ. ಅಲ್ಲಿ ಅಮೋನಿಯಾವನ್ನು ಸುಮಾರು 15.5 ಬಾರ್‌ಗೆ ಒತ್ತಿದರೆ 40 ಡಿಗ್ರಿಯಲ್ಲೇ ದ್ರವವಾಗುತ್ತದೆ. 4.3 ಬಾರ್‌ಗೆ ಸಡಿಲ ಬಿಟ್ಟರೆ ಸೊನ್ನೆ ಡಿಗ್ರಿಯಲ್ಲಿ ಕುದಿಯುತ್ತದೆ, ಆ ಕುದಿತಕ್ಕೆ ಬೇಕಾದ ಬಿಸಿಯನ್ನು ಕೋಣೆಯಿಂದಲೇ ಹೀರಿಕೊಳ್ಳುತ್ತದೆ. ಇದರ ಲೆಕ್ಕವನ್ನು ಪ್ರಶ್ನೋತ್ತರದಲ್ಲಿ ಬಿಡಿಸೋಣ.