ಊರಿನ ಲೆಕ್ಕವು ಊರವರ ಸ್ವತ್ತು

ಜಮಖಂಡಿ, ಮುಧೋಳಗಳು 1948ರ ವರೆಗೆ ಸಂಸ್ಥಾನಗಳಾಗಿದ್ದವು, ದಫ್ತರವು ಅರಸರದಾಗಿದ್ದಿತು. ಈಗ ಅದು ಪ್ರಜೆಗಳದು. 2005ರ ಮಾಹಿತಿ ಹಕ್ಕಿನ ಕಾಯಿದೆಯ 4ನೆಯ ಕಲಮು, ಯಾರೂ ಬೇಡುವ ಮೊದಲೇ ತಮ್ಮ ಅಂದಾಜುಪತ್ರಿಕೆ, ವೆಚ್ಚಗಳ ವಿವರವನ್ನು ಪ್ರಕಟಿಸುವ ಹೊಣೆಯನ್ನು ಸಾರ್ವಜನಿಕ ಕಚೇರಿಗಳ ಮೇಲೆ ಹೊರಿಸಿದೆ.

2011ರ ಖಾನೇಸುಮಾರಿಯು ವಾರ್ಡುವಾರಾಗಿ ಮನೆಗಳನ್ನೂ ಅಕ್ಷರಸ್ಥರನ್ನೂ ದುಡಿಯುವವರನ್ನೂ ಎಣಿಸಿತು. ನಳದ ನೀರು, ಶೌಚಗೃಹ, ಗಟಾರಗಳ ಲೆಕ್ಕವನ್ನೂ ಕೊಟ್ಟಿತು. ಮಗ್ಗಗಳ ಊರಾದ ರಬಕವಿ-ಬನಹಟ್ಟಿಯಲ್ಲಿ ಗೃಹಕೈಗಾರಿಕೆಯಿಂದ ಬದುಕುವವರು ಯಾವ ವಾರ್ಡಿನಲ್ಲಿ ಹೆಚ್ಚು, ಅಲ್ಲಿಗೆ ಗಟಾರವು ಮುಟ್ಟಿದ್ದಿತೋ ಇಲ್ಲವೋ ಎಂಬುದು ಎರಡು ಕೋಷ್ಟಕಗಳನ್ನು ಒತ್ತಟ್ಟಿಗಿಟ್ಟು ನೋಡಿದರೆ ತಿಳಿಯುವದು. ಇಡೀ ಊರಿನ ಸರಾಸರಿಯು ಒಂದು ಓಣಿಯ ನೀರಡಿಕೆಯನ್ನು ಮುಚ್ಚಿಬಿಡುವದು; ವಾರ್ಡಿನ ಅಂಕಿಯು ಅದನ್ನು ಬಯಲಿಗೆ ತರುವದು.

ಆದರೆ 2021ರಲ್ಲಿ ಆಗಬೇಕಾಗಿದ್ದ ಗಣತಿಯು ಕಾಲಕ್ಕೆ ನಡೆಯಲಿಲ್ಲ. ಹಳೆಯ ಅಂಕಿಗಳನ್ನೇ ನಂಬಿ ಕೂಡ್ರುವದು ತರವಲ್ಲ. ಬೀಳಗಿಯ ಪಟ್ಟಣ ಪಂಚಾಯತಿಯಿಂದ ಜಮಖಂಡಿಯ ನಗರಸಭೆಯ ವರೆಗೆ ಎಲ್ಲವೂ ಕರವಸೂಲಿ, ನೀರಿನ ಸರಬರಾಯಿ, ತಕರಾರುಗಳ ಲೆಕ್ಕವನ್ನು ತಿಂಗಳಿಗೊಮ್ಮೆ ವಾರ್ಡುವಾರಾಗಿ ಕನ್ನಡದಲ್ಲಿ ಪ್ರಕಟಿಸಬೇಕೆಂದು ನಾವು ಸೂಚಿಸುತ್ತೇವೆ. ಜನರ ಹೆಸರುಗಳು ಬೇಡ, ಸಂಖ್ಯೆಗಳು ಸಾಕು. ಅಧಿಕಾರಿಗಳಿಗೆ ಇದು ಹೊಸ ಹೊರೆಯಲ್ಲ, ಬರೆದಿಟ್ಟುದನ್ನು ತೋರಿಸುವದಷ್ಟೇ. ನಾಗರಿಕರಾದರೂ ಅದನ್ನು ಓದಿ, ತಮ್ಮ ಓಣಿಯನ್ನು ನಡೆದು ನೋಡಿ, ತಪ್ಪಿದ್ದಲ್ಲಿ ತಿದ್ದಿಸತಕ್ಕದ್ದು.